ನೀರಿನ ದಡದಲ್ಲಿ ಡಾಕ್ ಕಟ್ಟಬೇಕೇ? ಕೆನಡಾದಲ್ಲಿ ಮೀನಿನ ನೆಲೆಗೆ ಸಂಬಂಧಿಸಿದ ಅನುಮತಿ ಪಡೆಯುವ ಸಮಗ್ರ ಮಾರ್ಗದರ್ಶಿ

ಒಂಟಾರಿಯೊದಲ್ಲಿ ನೀರಿನ ಪಕ್ಕ ಕಾಟೇಜ್ ಕೊಂಡ ನಮ್ಮವರು ಈಗ ಸಾಕಷ್ಟು ಜನ ಇದ್ದಾರೆ. ಮೊದಲ ಬೇಸಿಗೆಯಲ್ಲೇ ಆಸೆಗಳು ಶುರುವಾಗುತ್ತವೆ. ಹೊಸ ಡಾಕ್ (ದಡದಿಂದ ನೀರಿನ ಮೇಲೆ ಚಾಚುವ ಕಟ್ಟೆ) ಬೇಕು, ಮಕ್ಕಳಿಗೆ ಆಡಲು ಸ್ವಲ್ಪ ಮರಳು ಸುರಿಸಬೇಕು, ದಡ ಕೊರೆಯುತ್ತಿದೆ, ಕಲ್ಲಿನ ಗೋಡೆ ಕಟ್ಟಿಸಬೇಕು. ಹೆಚ್ಚಿನವರು ಮೊದಲು ಕಾಂಟ್ರಾಕ್ಟರ್‌ಗೆ ಫೋನ್ ಮಾಡುತ್ತಾರೆ, ಅನುಮತಿಯ ಮಾತು ಆಮೇಲೆ. ನನ್ನ ಸಲಹೆ ಇದಕ್ಕೆ ಉಲ್ಟಾ. ಮೊದಲು ಮೀನಿನ ಬಗ್ಗೆ ತಿಳಿದುಕೊಳ್ಳಿ, ಆಮೇಲೆ ನಕ್ಷೆ ಬರೆಸಿ, ಕೊನೆಗೆ ಫಾರಂ ತುಂಬಿ. ಈ ಕ್ರಮ ಹಿಡಿದರೆ ಎಷ್ಟೋ ಸಲ ದೊಡ್ಡ ಫಾರಂ ತುಂಬುವ ಅಗತ್ಯವೇ ಬರುವುದಿಲ್ಲ.

ಇಲ್ಲಿ ಒಂಟಾರಿಯೊದ ಉದಾಹರಣೆಗಳನ್ನೇ ಜಾಸ್ತಿ ಕೊಟ್ಟಿದ್ದೇನೆ. ಆದರೆ ಫೆಡರಲ್ ಕಾನೂನು ಕೆನಡಾಕ್ಕೆಲ್ಲ ಒಂದೇ. ಬ್ರಿಟಿಷ್ ಕೊಲಂಬಿಯಾದಲ್ಲೋ ನೋವಾ ಸ್ಕೋಷಿಯಾದಲ್ಲೋ ಇರುವವರಿಗೆ ಪ್ರಾಂತ್ಯದ ಭಾಗ ಮಾತ್ರ ಬೇರೆಯಾಗುತ್ತದೆ.

ಕಾನೂನು ಏನನ್ನು ತಡೆಯುತ್ತದೆ?

ಇದಕ್ಕೆಲ್ಲ ಮೂಲ ಫಿಶರೀಸ್ ಆಕ್ಟ್. 1868ರಷ್ಟು ಹಳೆಯ ಕಾನೂನು. 2012ರಲ್ಲಿ ಇದರ ರಕ್ಷಣೆಯನ್ನು ಸಡಿಲಗೊಳಿಸಿದ್ದರು. 2019ರ ತಿದ್ದುಪಡಿಯಲ್ಲಿ ಮತ್ತೆ ಬಿಗಿ ಮಾಡಿದರು. ಆ ವರ್ಷದ ಆಗಸ್ಟ್ 28ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ನಡೆಸುವ ಇಲಾಖೆ ಫಿಶರೀಸ್ ಆಂಡ್ ಓಶನ್ಸ್ ಕೆನಡಾ. ಎಲ್ಲರೂ ಡಿಎಫ್‌ಒ ಎನ್ನುತ್ತಾರೆ.

ಮೂರು ಸೆಕ್ಷನ್‌ಗಳನ್ನು ನೆನಪಿಟ್ಟುಕೊಂಡರೆ ಸಾಕು. 34.4ನೇ ಸೆಕ್ಷನ್ ಪ್ರಕಾರ, ಮೀನು ಹಿಡಿಯುವುದನ್ನು ಬಿಟ್ಟು ಬೇರೆ ಕೆಲಸದಿಂದ ಮೀನು ಸಾಯುವಂತೆ ಮಾಡಬಾರದು. 35ನೇ ಸೆಕ್ಷನ್ ಪ್ರಕಾರ, ಮೀನಿನ ನೆಲೆಯನ್ನು ಹಾನಿಯಾಗುವಂತೆ ಬದಲಿಸಬಾರದು, ಕದಡಬಾರದು, ನಾಶ ಮಾಡಬಾರದು. ಕನ್ಸಲ್ಟೆಂಟ್‌ಗಳು ಇದರ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಚುಟುಕಾಗಿ ‘ಹ್ಯಾಡ್’ (HADD) ಎನ್ನುತ್ತಾರೆ. 36ನೇ ಸೆಕ್ಷನ್ ಮೀನಿಗೆ ಹಾನಿಯಾಗುವ ವಸ್ತುಗಳನ್ನು ನೀರಿಗೆ ಬಿಡುವುದನ್ನು ತಡೆಯುತ್ತದೆ. ಡೀಸೆಲ್, ಹಸಿ ಕಾಂಕ್ರೀಟ್‌ನ ನೀರು, ಕೆಸರು ನೀರು ಇವೆಲ್ಲ ಇದರಲ್ಲಿ ಬರುತ್ತವೆ.

ಇಲ್ಲಿ ‘ನೆಲೆ’ ಎಂದರೆ ಮೀನು ಓಡಾಡುವ ನೀರು ಮಾತ್ರ ಅಲ್ಲ. ಮೀನು ತನ್ನ ಬದುಕಿಗೆ ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿಕೊಂಡ ಜಾಗಗಳೆಲ್ಲ ಅದರಲ್ಲಿ ಸೇರಿವೆ. ಮೊಟ್ಟೆ ಇಡುವ ಜಾಗ, ಮರಿಗಳು ಬೆಳೆಯುವ ಜಾಗ, ಆಹಾರ ಸಿಗುವ ಜಾಗ, ವಲಸೆಯ ದಾರಿ. ಹಾಗಾಗಿ ವಸಂತದಲ್ಲಿ ಮಾತ್ರ ನೀರು ನಿಂತು ಬೇಸಿಗೆಯಲ್ಲಿ ಒಣಗುವ ಹುಲ್ಲಿನ ತಗ್ಗು ಕೂಡ ನೆಲೆಯೇ ಆಗಿರಬಹುದು. ನಾರ್ದರ್ನ್ ಪೈಕ್ ಮೀನು ಮೊಟ್ಟೆ ಇಡುವುದೇ ಅಂಥ ಮುಳುಗಿದ ಹುಲ್ಲಿನ ಮೇಲೆ. ಜುಲೈನಲ್ಲಿ ನೋಡಿದವರಿಗೆ ಅದು ಖಾಲಿ ಜಾಗ ಅನಿಸುತ್ತದೆ. ಮಣ್ಣು ತುಂಬಿಸಲು ಹೊರಡುತ್ತಾರೆ.

ಜಾಗ ನಿಮ್ಮ ಸ್ವಂತದ್ದಾದರೂ ಈ ಕಾನೂನು ಅನ್ವಯಿಸುತ್ತದೆ.

ಹೆಜ್ಜೆ 1: ನಿಮ್ಮ ನೀರಿನಲ್ಲಿ ಯಾವ ಮೀನಿದೆ?

ಒಂಟಾರಿಯೊ ಸರ್ಕಾರದ ಫಿಶ್ ಆನ್‌ಲೈನ್ ಎಂಬ ನಕ್ಷೆಯಲ್ಲಿ ಸರೋವರದ ಹೆಸರು ಹಾಕಿ. ಅಲ್ಲಿರುವ ಮೀನಿನ ಜಾತಿಗಳ ಪಟ್ಟಿ ಸಿಗುತ್ತದೆ. ಆಮೇಲೆ ಡಿಎಫ್‌ಒ ಕೊಡುವ ಅಪಾಯದಲ್ಲಿರುವ ಜಲಜೀವಿಗಳ ನಕ್ಷೆ ತೆಗೆದು, ನಿಮ್ಮ ಜಾಗದ ಮೇಲೆ ಬಣ್ಣ ಇದೆಯೇ ನೋಡಿ. ಬಣ್ಣ ಇದ್ದರೆ ಫಿಶರೀಸ್ ಆಕ್ಟ್ ಜೊತೆಗೆ 2002ರ ಸ್ಪೀಶೀಸ್ ಅಟ್ ರಿಸ್ಕ್ ಆಕ್ಟ್ ಕೂಡ ಬರುತ್ತದೆ. ಆಗ ನೀವೇ ತೀರ್ಮಾನ ಮಾಡಲು ಹೋಗಬೇಡಿ, ಡಿಎಫ್‌ಒಗೆ ಬರೆಯಿರಿ.

ಇದು ದೂರದ ಕಾಡಿನ ಸರೋವರಗಳ ವಿಷಯ ಮಾತ್ರ ಅಂದುಕೊಳ್ಳಬೇಡಿ. ಟೊರಾಂಟೊ ಸುತ್ತಮುತ್ತಲಿನ ಹಳ್ಳಗಳಲ್ಲಿ ರೆಡ್‌ಸೈಡ್ ಡೇಸ್ ಎಂಬ ಪುಟ್ಟ ಮೀನಿದೆ. ಪಕ್ಕೆಯಲ್ಲಿ ಕೆಂಪು ಗೆರೆ ಇರುವ ಮೀನು. ನೀರಿನಿಂದ ಮೇಲಕ್ಕೆ ಹಾರಿ ಹುಳ ಹಿಡಿಯುತ್ತದೆ. ಆ ಹುಳಗಳು ಬರುವುದು ದಡದ ಮೇಲೆ ಬಾಗಿದ ಹುಲ್ಲು, ಪೊದೆಗಳಿಂದ. ಅಂದರೆ ನೀರಿಗೆ ಕಾಲೇ ಇಡದೆ, ಹಿತ್ತಲಿನ ಹಳ್ಳದ ದಡವನ್ನು ‘ಕ್ಲೀನ್’ ಮಾಡಿಸಿದರೂ ಅದರ ಊಟ ಕಿತ್ತುಕೊಂಡಂತೆ. ಕೆನಡಾ ಸರ್ಕಾರ ಇದನ್ನು ಅಳಿವಿನ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದೆ.

ಜಾತಿ ಗೊತ್ತಾದ ಮೇಲೆ ಮೊಟ್ಟೆ ಇಡುವ ಕಾಲ ನೋಡಿ. ನೀರಿನೊಳಗಿನ ಕೆಲಸಕ್ಕೆ ನಿಷೇಧವಿರುವ ದಿನಗಳನ್ನು ಒಂಟಾರಿಯೊದಲ್ಲಿ ಪ್ರದೇಶ ಮತ್ತು ಜಾತಿ ನೋಡಿ ಗುರುತಿಸಿದ್ದಾರೆ. ದಕ್ಷಿಣ ಒಂಟಾರಿಯೊದಲ್ಲಿ ವಾಲೈ ಮೀನಿಗೆ ಮಾರ್ಚ್ 15ರಿಂದ ಮೇ 31. ಬಾಸ್ ಮೀನಿಗೆ ಮೇ 1ರಿಂದ ಜುಲೈ 15. ಲೇಕ್ ಟ್ರೌಟ್‌ಗೆ ಅಕ್ಟೋಬರ್ 1ರಿಂದ ಮೇ 31. ಕೊನೆಯದು ಅಷ್ಟು ಉದ್ದ ಯಾಕೆ ಅಂದರೆ, ಅದು ಶರತ್ಕಾಲದಲ್ಲಿ ಕಲ್ಲುಗಳ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳು ಇಡೀ ಚಳಿಗಾಲ ಹಿಮದ ಕೆಳಗೆ ಅಲ್ಲೇ ಇದ್ದು ವಸಂತದಲ್ಲಿ ಒಡೆಯುತ್ತವೆ. ನಡುವೆ ಕೆಸರು ಬಂದು ಸಂದಿ ಮುಚ್ಚಿದರೆ ಉಸಿರುಗಟ್ಟಿ ಸಾಯುತ್ತವೆ.

ಈಗ ಒಂದು ಲೆಕ್ಕ ಹಾಕಿ. ನಿಮ್ಮ ಸರೋವರದಲ್ಲಿ ಈ ಮೂರೂ ಮೀನುಗಳಿದ್ದರೆ, ನೀರಿನಲ್ಲಿ ಕೆಲಸ ಮಾಡಲು ಉಳಿಯುವುದು ಜುಲೈ 16ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ. ಹತ್ತಿರ ಹತ್ತಿರ ಹನ್ನೊಂದು ವಾರ. ಮೇ ತಿಂಗಳ ಲಾಂಗ್ ವೀಕೆಂಡ್‌ಗೆ ಡಾಕ್ ರೆಡಿ ಇರಬೇಕು ಅಂತ ಏಪ್ರಿಲ್‌ನಲ್ಲಿ ಹೊರಟವರ ಪ್ಲಾನ್ ಇಲ್ಲೇ ಬಿದ್ದುಹೋಗುತ್ತದೆ. ಮುಂದಿನ ಬೇಸಿಗೆಗೆ ಡಾಕ್ ಬೇಕಿದ್ದರೆ ಈ ಬೇಸಿಗೆಯ ಕೊನೆಯಲ್ಲೇ ಕೆಲಸ ಮುಗಿಸುವಂತೆ ಯೋಚಿಸಿ. ನಿಮ್ಮ ಜಾಗಕ್ಕೆ ಅನ್ವಯಿಸುವ ದಿನಾಂಕವನ್ನು ಪ್ರಾಂತ್ಯದ ನ್ಯಾಚುರಲ್ ರಿಸೋರ್ಸಸ್ ಇಲಾಖೆಯ ಜಿಲ್ಲಾ ಕಚೇರಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಕರಾವಳಿಯಿಂದ ಬಂದವರಿಗೆ ಇದು ಹೊಸದೇನಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮರಿ ಮಾಡುವ ಕಾಲದಲ್ಲಿ ಮೀನನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಎರಡೂ ಕಡೆ ಒಂದೇ.

ಹೆಜ್ಜೆ 2: ಫಾರಂಗೆ ಮೊದಲು ನಕ್ಷೆ ತಿದ್ದಿ

ಡಿಎಫ್‌ಒ ಯೋಚಿಸುವ ರೀತಿ ಹೀಗಿದೆ: ಮೊದಲು ಹಾನಿ ತಪ್ಪಿಸಿ. ತಪ್ಪಿಸಲು ಆಗದಿದ್ದರೆ ಕಡಿಮೆ ಮಾಡಿ. ಆಮೇಲೂ ಉಳಿದ ಹಾನಿಗೆ ಬೇರೆ ಕಡೆ ಪರಿಹಾರ ಮಾಡಿಕೊಡಿ. ಮೊದಲ ಎರಡು ನಿಮ್ಮ ಡ್ರಾಯಿಂಗ್‌ನಲ್ಲೇ ಮುಗಿಯುತ್ತವೆ, ಮೂರನೆಯದಕ್ಕೆ ದುಡ್ಡು ಮತ್ತು ವರ್ಷಗಳು ಬೇಕು. ಅದಕ್ಕೇ ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ ಎನ್ನುವುದು.

ಡಾಕ್ ವಿಷಯವನ್ನೇ ತೆಗೆದುಕೊಳ್ಳಿ. ತೇಲುವ ಡಾಕ್ ಸರೋವರದ ತಳವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಕಂಬದ ಡಾಕ್ ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ. ದಡದ ಮೇಲೆ ಆಧಾರ ಕೊಟ್ಟು ನೀರಿನ ಮೇಲೆ ಚಾಚುವ ಕ್ಯಾಂಟಿಲಿವರ್ ಡಾಕ್ ಕೂಡ ಒಳ್ಳೆಯದು. ಮರದ ಪೆಟ್ಟಿಗೆಯೊಳಗೆ ಕಲ್ಲು ತುಂಬಿ ತಳದಲ್ಲಿ ಕೂರಿಸುವ ಕ್ರಿಬ್ ಡಾಕ್ ಗಟ್ಟಿ, ಆದರೆ ತಾನು ಕೂತಷ್ಟು ನೆಲೆಯನ್ನು ನುಂಗುತ್ತದೆ. ಕಾಂಕ್ರೀಟ್ ಗೋಡೆಯಂಥ ಡಾಕ್ ಎಲ್ಲಕ್ಕಿಂತ ಕೆಟ್ಟದ್ದು. ನೀರಿನ ಓಡಾಟವನ್ನೂ ತಡೆಯುತ್ತದೆ. ಗಾಳಿ, ಅಲೆ, ಮಂಜುಗಡ್ಡೆಯ ಒತ್ತಡ ತೀರಾ ಜಾಸ್ತಿ ಇಲ್ಲದ ಕಡೆ ತೇಲುವ ಡಾಕ್ ಬಿಟ್ಟು ಬೇರೆ ಯೋಚಿಸುವ ಕಾರಣ ನನಗಂತೂ ಕಾಣುವುದಿಲ್ಲ. ಚಳಿಗಾಲಕ್ಕೆ ಎಳೆದು ಇಡಲೂಬಹುದು.

ಡಾಕ್ ಎಲ್ಲಿ ಕೂರುತ್ತದೆ ಎಂಬುದೂ ಅಷ್ಟೇ ಮುಖ್ಯ. ಜಲಸಸ್ಯ ದಟ್ಟವಾಗಿ ಬೆಳೆದ ಜಾಗ, ಸಣ್ಣ ಜಲ್ಲಿಯ ಆಳವಿಲ್ಲದ ಜಾಗ, ಮುರಿದು ಬಿದ್ದ ಮರ ಮುಳುಗಿರುವ ಜಾಗ, ಇವುಗಳನ್ನು ಬಿಡಿ. ಸ್ಮಾಲ್‌ಮೌತ್ ಬಾಸ್‌ನ ಗಂಡು ಜಲ್ಲಿಯಲ್ಲಿ ದುಂಡಗೆ ಗೂಡು ಮಾಡಿ, ಮೊಟ್ಟೆ ಮರಿಗಳನ್ನು ಕಾಯುತ್ತಾ ಅಲ್ಲೇ ನಿಲ್ಲುತ್ತದೆ. ಜೂನ್‌ನಲ್ಲಿ ತಿಳಿನೀರಿನಲ್ಲಿ ಕಣ್ಣಿಗೇ ಕಾಣುತ್ತದೆ. ನಾಲ್ಕು ಮೀಟರ್ ಪಕ್ಕಕ್ಕೆ ಸರಿಸಿದರೆ ತೊಂದರೆ ತಪ್ಪುತ್ತದೆ ಅಂದರೆ ಸರಿಸಿಬಿಡಿ.

ದಡ ಕೊರೆತಕ್ಕೆ ಲಂಬವಾದ ಗೋಡೆ ಕಟ್ಟಬೇಡಿ. ಅಲೆಯ ಬಲ ಗೋಡೆಗೆ ಬಡಿದು ತಿರುಗಿ, ಬುಡವನ್ನೂ ಪಕ್ಕದವರ ದಡವನ್ನೂ ಕೊರೆಯುತ್ತದೆ. ಸ್ಥಳೀಯ ಜಾತಿಯ ಪೊದೆ, ವಿಲೋ ಕಡ್ಡಿಗಳನ್ನು ನೆಡುವುದು, ಬೇಕಾದಲ್ಲಿ ಮಾತ್ರ ಇಳಿಜಾರಾಗಿ ಕಲ್ಲು ಜೋಡಿಸುವುದು ಒಳ್ಳೆಯ ದಾರಿ. ಕಲ್ಲನ್ನು ಹೊರಗಿನಿಂದ ತನ್ನಿ. ಸರೋವರದ ತಳದಿಂದ ಎತ್ತಬೇಡಿ, ಅದು ಯಾವುದೋ ಮೀನಿನ ಮೊಟ್ಟೆಯ ಜಾಗ. ಇನ್ನು ಮರಳು ಸುರಿದು ಬೀಚ್ ಮಾಡುವ ಆಸೆ ಇದ್ದರೆ, ಅದನ್ನು ದಡದ ಮೇಲ್ಭಾಗದಲ್ಲೇ, ನೀರು ಮುಟ್ಟದ ಕಡೆ ಮಾಡಿಕೊಳ್ಳಿ.

ಹೆಜ್ಜೆ 3: ಡಿಎಫ್‌ಒಗೆ ಕಳಿಸಲೇಬೇಕೇ?

ಡಿಎಫ್‌ಒ ವೆಬ್‌ಸೈಟ್‌ನಲ್ಲಿ ನೀರಿನ ಹತ್ತಿರದ ಕೆಲಸಗಳಿಗೆಂದೇ ಪುಟಗಳಿವೆ. ಅಲ್ಲಿ ನೀವೇ ಪರೀಕ್ಷೆ ಮಾಡಿಕೊಳ್ಳಬಹುದು. ಮೀನಿರುವ ನೀರಿಗೆ ಸಂಪರ್ಕವೇ ಇಲ್ಲದ ಕೃತಕ ಹೊಂಡ, ಕಲ್ಲುಕ್ವಾರಿ, ನೀರಾವರಿ ಹೊಂಡಗಳಂಥ ಕಡೆ ಡಿಎಫ್‌ಒ ರಿವ್ಯೂ (ಯೋಜನೆಯ ಪರಿಶೀಲನೆ) ಬೇಕಿಲ್ಲ. ಮೀನಿರುವ ನೀರಾದರೂ, ಅಪಾಯದಲ್ಲಿರುವ ಜಾತಿ ಇಲ್ಲ, ಡಿಎಫ್‌ಒ ಹೇಳಿದ ರಕ್ಷಣಾ ಕ್ರಮಗಳನ್ನೆಲ್ಲ ಪಾಲಿಸುತ್ತೀರಿ ಎಂದಾದರೆ, ರಿವ್ಯೂ ಕೇಳದೆಯೇ ಮುಂದುವರಿಯಬಹುದು. ಸರಿಯಾದ ಜಾಗದಲ್ಲಿರುವ ಸಣ್ಣ ತೇಲುವ ಡಾಕ್ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ.

ಕೆಲವು ಮಾಮೂಲಿ ಕೆಲಸಗಳಿಗೆ ಕೋಡ್ ಆಫ್ ಪ್ರಾಕ್ಟೀಸ್ ಎಂಬ ಸಿದ್ಧ ನಿಯಮಗಳಿವೆ. ಕಲ್ವರ್ಟ್ (ರಸ್ತೆಯಡಿ ನೀರು ಹರಿಯುವ ಮೋರಿ) ನಿರ್ವಹಣೆ, ಬೀವರ್ ಎಂಬ ಪ್ರಾಣಿ ಹಳ್ಳಕ್ಕೆ ಕಟ್ಟಿದ ಅಣೆಕಟ್ಟು ತೆಗೆಯುವುದು, ತಾತ್ಕಾಲಿಕವಾಗಿ ಹಳ್ಳ ದಾಟುವ ವ್ಯವಸ್ಥೆ, ನೀರಿನ ಪೈಪ್‌ನ ಬಾಯಿಗೆ ಮೀನು ನುಗ್ಗದಂತೆ ಜಾಲರಿ ಹಾಕುವುದು ಇತ್ಯಾದಿ. ಕಾಟೇಜ್‌ಗೆ ಸರೋವರದಿಂದ ಪಂಪ್ ಮಾಡುವವರು ಈ ಜಾಲರಿಯ ಕೋಡ್ ಓದಲೇಬೇಕು. ಕೋಡ್‌ನ ಎಲ್ಲ ಷರತ್ತುಗಳೂ ಹೊಂದಿದರೆ, ಕೆಲಸಕ್ಕೆ 10 ಕೆಲಸದ ದಿನ ಮೊದಲು ನೋಟಿಫಿಕೇಶನ್ ಫಾರಂ ಕಳಿಸಿ. ಒಂದೇ ಒಂದು ಷರತ್ತು ಹೊಂದದಿದ್ದರೂ ಕೋಡ್ ನಿಮಗೆ ಅನ್ವಯಿಸುವುದಿಲ್ಲ.

ನಿಮ್ಮ ತೀರ್ಮಾನ ಏನೇ ಇರಲಿ, ಅದನ್ನು ಬರೆದಿಡಿ. ಯಾವ ನಕ್ಷೆ ನೋಡಿದಿರಿ, ಯಾವ ದಿನ ನೋಡಿದಿರಿ, ಯಾಕೆ ರಿವ್ಯೂ ಬೇಡ ಅನಿಸಿತು, ಜೊತೆಗೆ ಫೋಟೋಗಳು. ನಾಳೆ ಆಫೀಸರ್ ಬಂದು ಕೇಳಿದರೆ ತೋರಿಸಲು ಬೇಕಾಗುತ್ತದೆ.

ಹೆಜ್ಜೆ 4: ರಿಕ್ವೆಸ್ಟ್ ಫಾರ್ ರಿವ್ಯೂ

ಅನುಮಾನ ಉಳಿದರೆ ಈ ಫಾರಂ ತುಂಬಿ ನಿಮ್ಮ ಪ್ರದೇಶದ ಡಿಎಫ್‌ಒ ಕಚೇರಿಗೆ ಇಮೇಲ್ ಮಾಡಿ. ಒಂಟಾರಿಯೊ ಮತ್ತು ಪ್ರೇರಿ ಪ್ರಾಂತ್ಯಗಳಿಗೆ ಒಂದೇ ಪ್ರಾದೇಶಿಕ ಕಚೇರಿ. ಪಶ್ಚಿಮ ಕರಾವಳಿಗೆ, ಕ್ವಿಬೆಕ್‌ಗೆ, ಅಟ್ಲಾಂಟಿಕ್ ಕಡೆಗೆ ಬೇರೆ ಬೇರೆ.

ಒಳ್ಳೆಯ ಅರ್ಜಿ ಓದುವ ಬಯಾಲಜಿಸ್ಟ್‌ನ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟಿರುತ್ತದೆ. ಆ ವ್ಯಕ್ತಿ ನಿಮ್ಮ ಜಾಗ ನೋಡಿಲ್ಲ. ಹಾಗಾಗಿ ಜಿಪಿಎಸ್ ಕೋಆರ್ಡಿನೇಟ್ಸ್ ಕೊಡಿ. ದಡವನ್ನು ನೀರಿನ ಕಡೆಯಿಂದಲೂ ಎಡ ಬಲದಿಂದಲೂ ತೆಗೆದ ಫೋಟೋ ಹಾಕಿ. ತಳ ಹೇಗಿದೆ ಹೇಳಿ: ಕೆಸರೋ, ಮರಳೋ, ಜಲ್ಲಿಯೋ, ಬಂಡೆಯೋ. ಆಳ ಎಷ್ಟು, ಗಿಡ ಎಷ್ಟು, ಯಾವ ಮೀನು. ನೀರು ಸಾಮಾನ್ಯವಾಗಿ ಏರಿ ನಿಲ್ಲುವ ಗಡಿಗೆ ಹೈ ವಾಟರ್ ಮಾರ್ಕ್ ಅನ್ನುತ್ತಾರೆ. ಅದನ್ನು ಡ್ರಾಯಿಂಗ್‌ನಲ್ಲಿ ಸ್ಪಷ್ಟವಾಗಿ ಎಳೆಯಿರಿ. ಅದರ ಕೆಳಗೆ ನಿಮ್ಮ ಕಟ್ಟಡ ಎಷ್ಟು ಚದರ ಮೀಟರ್ ಹಿಡಿಯುತ್ತದೆ ಎಂಬ ಅಂಕಿ ಕೊಡಿ. ಇಡೀ ಅರ್ಜಿಯಲ್ಲಿ ಮೊದಲು ಹುಡುಕುವುದು ಈ ಅಂಕಿಯನ್ನೇ.

ಆಮೇಲೆ ಕೆಲಸದ ವಿಧಾನ. ‘ಕಾಂಟ್ರಾಕ್ಟರ್ ಸೂಕ್ತ ಕ್ರಮ ಕೈಗೊಳ್ಳುತ್ತಾರೆ’ ಅಂತ ಸುಮ್ನೆ ಬರೆದರೆ ಅರ್ಜಿ ವಾಪಸ್ ಪ್ರಶ್ನೆಗಳ ಜೊತೆ ಬರುತ್ತದೆ. ಯಂತ್ರ ದಡದಲ್ಲೇ ನಿಲ್ಲುತ್ತದೋ ನೀರಿಗಿಳಿಯುತ್ತದೋ? ಕೆಸರು ಹರಡದಂತೆ ಸಿಲ್ಟ್ ಕರ್ಟನ್ ಎಲ್ಲಿ ಕಟ್ಟುತ್ತೀರಿ, ಯಾವಾಗ ಬಿಚ್ಚುತ್ತೀರಿ? ಯಾವ ದಿನದಿಂದ ಯಾವ ದಿನದವರೆಗೆ ಕೆಲಸ? ಇಷ್ಟನ್ನು ಕಾಂಟ್ರಾಕ್ಟರ್ ಜೊತೆ ಕೂತು ಬರೆಯಿರಿ.

ಉತ್ತರ ಮೂರು ಥರ ಬರಬಹುದು. ಹೇಳಿದ ಕ್ರಮ ಪಾಲಿಸಿದರೆ ಆಥರೈಸೇಶನ್ (ಹಾನಿ ತಪ್ಪದ ಕೆಲಸಕ್ಕೆ ಕೊಡುವ ಅಧಿಕೃತ ಅನುಮತಿ) ಬೇಕಿಲ್ಲ ಎಂಬ ಪತ್ರ. ಅಥವಾ, ಇದನ್ನು ಬದಲಿಸಿ, ಇನ್ನಷ್ಟು ಮಾಹಿತಿ ಕೊಡಿ ಎಂಬ ಪತ್ರ. ಅಥವಾ, ಹಾನಿ ತಪ್ಪುವುದಿಲ್ಲ, ಆಥರೈಸೇಶನ್ ತೆಗೆದುಕೊಳ್ಳಿ ಎಂಬ ಪತ್ರ. ಮೊದಲನೆಯ ಪತ್ರ ಬಂದರೂ ಅದು ನಿಮ್ಮ ಡ್ರಾಯಿಂಗ್‌ಗೆ ಮಾತ್ರ ಕೊಟ್ಟದ್ದು. ಆಮೇಲೆ ಡಾಕ್ ಎರಡು ಪಟ್ಟು ಉದ್ದ ಮಾಡಿದರೆ ಪತ್ರಕ್ಕೆ ಬೆಲೆಯಿಲ್ಲ.

ಹೆಜ್ಜೆ 5: ಆಥರೈಸೇಶನ್

ಇಲ್ಲಿಗೆ ಬಂದರೆ ಒಬ್ಬ ಅನುಭವಿ ಫಿಶರೀಸ್ ಬಯಾಲಜಿಸ್ಟ್‌ನನ್ನು ಇಟ್ಟುಕೊಳ್ಳಿ. ಈ ಒಂದು ಹಂತದಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಅರ್ಜಿಯಲ್ಲಿ ಏನಿರಬೇಕು ಎಂಬುದನ್ನು 2019ರ ನಿಯಮಾವಳಿ ಪಟ್ಟಿ ಮಾಡಿದೆ. ಮೀನು ಮತ್ತು ನೆಲೆಯ ವಿವರ, ಹಾನಿಯ ಅಂದಾಜು, ಕಡಿಮೆ ಮಾಡುವ ಕ್ರಮ, ನಿಗಾ ಇಡುವ ಯೋಜನೆ, ಜೊತೆಗೆ ಆಫ್‌ಸೆಟಿಂಗ್ ಪ್ಲಾನ್.

ಆಫ್‌ಸೆಟಿಂಗ್ ಅಂದರೆ ನೀವು ಕಳೆದ ನೆಲೆಗೆ ಬದಲಾಗಿ ಬೇರೆ ನೆಲೆ ಕಟ್ಟಿಕೊಡುವುದು. ಹಾಳಾದ ತೊರೆಯನ್ನು ಸರಿಪಡಿಸುವುದು, ಮೀನು ದಾಟಲಾಗದ ಕಲ್ವರ್ಟ್ ಬದಲಿಸುವುದು, ಮೊಟ್ಟೆ ಇಡಲು ಕಲ್ಲಿನ ಹಾಸು ಮಾಡುವುದು. ಹದಗೆಟ್ಟ ನೆಲೆಯನ್ನು ಸರಿಪಡಿಸುವುದಕ್ಕೆ ಕಾನೂನು ಆದ್ಯತೆ ಕೊಡುತ್ತದೆ. ನೀವು ಮಧ್ಯದಲ್ಲಿ ಕೈಬಿಟ್ಟರೆ ಸರ್ಕಾರ ಆ ಕೆಲಸ ಮುಗಿಸಲು ಬೇಕಾದ ಹಣಕ್ಕೆ ಬ್ಯಾಂಕಿನಿಂದ ಲೆಟರ್ ಆಫ್ ಕ್ರೆಡಿಟ್ ಕೊಡಬೇಕಾಗುತ್ತದೆ.

ಸಮಯದ ಲೆಕ್ಕ: ಅರ್ಜಿ ಪೂರ್ಣವಾಗಿದೆಯೇ ಎಂದು ಹೇಳಲು ಇಲಾಖೆಗೆ 60 ದಿನ. ಪೂರ್ಣ ಎಂದಾದ ಮೇಲೆ ತೀರ್ಮಾನಕ್ಕೆ 90 ದಿನ. ಕಾಗದದ ಮೇಲೆ ಐದು ತಿಂಗಳು. ಆದರೆ ನೀವು ಯೋಜನೆ ಬದಲಿಸಿದರೆ ಅಥವಾ ಮೂಲನಿವಾಸಿ ಸಮುದಾಯಗಳ ಜೊತೆ ಸಮಾಲೋಚನೆ ಬಾಕಿ ಇದ್ದರೆ ಗಡಿಯಾರ ನಿಲ್ಲುತ್ತದೆ. ಈ ಸಮಾಲೋಚನೆ 1982ರ ಸಂವಿಧಾನವೇ ಮಾನ್ಯ ಮಾಡಿದ ಹಕ್ಕಿಗೆ ಸಂಬಂಧಿಸಿದ್ದು. ಮಾಡುವ ಹೊಣೆ ಸರ್ಕಾರದ್ದು. ಆದರೂ ಆ ನೀರಿನಲ್ಲಿ ತಲೆಮಾರುಗಳಿಂದ ಮೀನು ಹಿಡಿಯುತ್ತಿರುವ ಫಸ್ಟ್ ನೇಶನ್‌ಗೆ ನೀವೇ ಮೊದಲು ಪತ್ರ ಬರೆದು ಯೋಜನೆ ತಿಳಿಸುವುದು ಮರ್ಯಾದೆ. ಅವರಿಗಿಂತ ಚೆನ್ನಾಗಿ ಆ ನೀರು ಯಾರಿಗೆ ಗೊತ್ತಿರುತ್ತದೆ?

ಪ್ರವಾಹದಂಥ ತುರ್ತು ಸಂದರ್ಭಕ್ಕೆ ಬೇರೆ, ಚಿಕ್ಕ ದಾರಿ ಇದೆ. ಆದರೆ ಜನರ ಆರೋಗ್ಯಕ್ಕೆ, ಸುರಕ್ಷತೆಗೆ, ಪರಿಸರಕ್ಕೆ ಅಥವಾ ಆಸ್ತಿಗೆ ಅಪಾಯವಿರುವಂಥ ನಿಜವಾದ ತುರ್ತಿಗೆ ಮಾತ್ರ.

ಹೆಜ್ಜೆ 6: ಉಳಿದ ಕಚೇರಿಗಳು

ಡಿಎಫ್‌ಒ ಪತ್ರ ಸಿಕ್ಕರೆ ಎಲ್ಲ ಮುಗಿಯಿತು ಎಂದು ತುಂಬಾ ಜನ ತಿಳಿಯುತ್ತಾರೆ. ಇಲ್ಲ.

ಒಂಟಾರಿಯೊದ ಹೆಚ್ಚಿನ ಸರೋವರಗಳ ತಳ ಪ್ರಾಂತ್ಯದ ಸ್ವತ್ತು. ಪಬ್ಲಿಕ್ ಲ್ಯಾಂಡ್ಸ್ ಆಕ್ಟ್ ಕೆಳಗೆ ವರ್ಕ್ ಪರ್ಮಿಟ್ ಬೇಕಾಗಬಹುದು. ಡಾಕ್‌ನ ಆಧಾರಗಳು, ಅಂದರೆ ಕ್ರಿಬ್ ಅಥವಾ ಕಂಬಗಳು, ತಳದಲ್ಲಿ ಒಟ್ಟು 15 ಚದರ ಮೀಟರ್ ಮೀರಿದರೆ ಪರ್ಮಿಟ್ ಬೇಕು. ಇಲ್ಲೂ ತೇಲುವ ಡಾಕ್‌ನವರಿಗೇ ಅನುಕೂಲ, ನೋಡಿ.

ನಿಮ್ಮ ಜಾಗ ಕನ್ಸರ್ವೇಶನ್ ಅಥಾರಿಟಿಯ (ಜಲಾನಯನ ಪ್ರದೇಶ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಯ) ವ್ಯಾಪ್ತಿಯಲ್ಲಿದ್ದರೆ ಅವರ ಪರ್ಮಿಟ್ ಬೇರೆ. ಏಪ್ರಿಲ್ 1, 2024ರಿಂದ ಇದಕ್ಕೆ ಇಡೀ ಪ್ರಾಂತ್ಯಕ್ಕೆ ಒಂದೇ ನಿಯಮ ಬಂದಿದೆ. ಟ್ರೆಂಟ್-ಸೆವರ್ನ್ ಜಲಮಾರ್ಗ ಅಥವಾ ರಿಡೋ ಕಾಲುವೆಯ ದಡವಾದರೆ ಪಾರ್ಕ್ಸ್ ಕೆನಡಾದ ಒಪ್ಪಿಗೆ ಬೇಕು. ದೋಣಿ ಓಡಾಡುವ ನೀರಿನಲ್ಲಿ ಟ್ರಾನ್ಸ್‌ಪೋರ್ಟ್ ಕೆನಡಾದ ನಿಯಮಗಳೂ ಇವೆ. ಬೋಟ್‌ಹೌಸ್‌ಗೆ ಊರಿನ ಬಿಲ್ಡಿಂಗ್ ಪರ್ಮಿಟ್ ಕೇಳಿ.

ಸರ್ವೇ ನಕ್ಷೆಯನ್ನೂ ಒಮ್ಮೆ ತೆಗೆದು ನೋಡಿ. ಹಳೆಯ ಕಾಟೇಜ್ ಪ್ರದೇಶಗಳಲ್ಲಿ ದಡದುದ್ದಕ್ಕೂ 66 ಅಡಿ ಅಗಲದ ಶೋರ್ ರೋಡ್ ಅಲೋವೆನ್ಸ್, ಅಂದರೆ ರಸ್ತೆಗೆಂದು ಬಿಟ್ಟ ಪಟ್ಟಿ, ಇರುತ್ತದೆ. ಅದು ಮುನಿಸಿಪಾಲಿಟಿಗೆ ಸೇರಿದ್ದು. ನಿಮ್ಮದು ಅಂದುಕೊಂಡ ದಡ ನಿಮ್ಮದಲ್ಲದೆ ಇರಬಹುದು. ಹಾಗಿದ್ದರೆ ಮೊದಲು ಅವರ ಒಪ್ಪಿಗೆ.

ಕೆಲಸ ನಡೆಯುವಾಗ

ಪತ್ರದಲ್ಲಿ ಬರೆದ ಷರತ್ತುಗಳ ಪ್ರತಿ ಕಾಂಟ್ರಾಕ್ಟರ್ ಕೈಯಲ್ಲಿರಲಿ. ಯಂತ್ರ ಬರುವ ಮೊದಲೇ ತೊಳೆದಿರಬೇಕು. ಬೇರೆ ಸರೋವರದ ಜೀಬ್ರಾ ಮಸಲ್ (ಹೊರಗಿನಿಂದ ಬಂದು ಹರಡುವ ಚಿಪ್ಪುಜೀವಿ) ನಿಮ್ಮಲ್ಲಿಗೆ ಬರಬಾರದು. ಡೀಸೆಲ್ ತುಂಬುವುದು ನೀರಿನಿಂದ ದೂರ. ದೊಡ್ಡ ಮಳೆ ಇರುವ ದಿನ ಕೆಲಸ ನಿಲ್ಲಿಸಿ. ಕ್ರಿಯೋಸೋಟ್ ಎಂಬ ವಿಷಕಾರಿ ಎಣ್ಣೆ ಹಚ್ಚಿದ ಹಳೆಯ ರೈಲ್ವೆ ಮರ ಅಗ್ಗಕ್ಕೆ ಸಿಗುತ್ತದೆ ಅಂತ ನೀರಿಗೆ ಹಾಕಬೇಡಿ, ಸೀಡರ್ ಬಳಸಿ. ಕೆಲಸದ ಜಾಗವನ್ನು ಕಟ್ಟಿ ನೀರು ಬಸಿಯುವುದಾದರೆ ಒಳಗೆ ಸಿಕ್ಕಿಕೊಂಡ ಮೀನನ್ನು ಹಿಡಿದು ಹೊರಗೆ ಬಿಡಬೇಕು. ಅದಕ್ಕೂ ಪ್ರಾಂತ್ಯದ ಲೈಸೆನ್ಸ್ ಬೇಕು, ಬಯಾಲಜಿಸ್ಟ್‌ಗೆ ಒಪ್ಪಿಸಿ.

ಏನಾದರೂ ಎಡವಟ್ಟಾಗಿ ಕೆಸರೋ ಎಣ್ಣೆಯೋ ನೀರಿಗೆ ಹೋದರೆ, ಅಥವಾ ಮೀನು ಸತ್ತರೆ, ತಕ್ಷಣ ತಿಳಿಸುವುದು ಕಾನೂನಿನ ಕರ್ತವ್ಯ. ಮುಚ್ಚಿಟ್ಟರೆ ಅದೇ ಇನ್ನೊಂದು ಅಪರಾಧ. ನೆಲೆ ಹಾಳು ಮಾಡಿದ ಒಬ್ಬ ವ್ಯಕ್ತಿಗೆ ಮೊದಲ ಸಲದ ಸಣ್ಣ ವಿಚಾರಣೆಯಲ್ಲೇ ಕನಿಷ್ಠ ದಂಡ 5,000 ಡಾಲರ್, ಗರಿಷ್ಠ 3,00,000. ಪೂರ್ಣ ವಿಚಾರಣೆಗೆ ಹೋದರೆ 15,000ದಿಂದ 10 ಲಕ್ಷ ಡಾಲರ್‌ವರೆಗೆ. ಕಂಪನಿಗಳಿಗೆ ಇದಕ್ಕಿಂತ ಹೆಚ್ಚು.

ಕೆಲಸ ಮುಗಿದ ಮೇಲೆ, ಕಿತ್ತುಹೋದ ದಡಕ್ಕೆ ಅದೇ ಸೀಸನ್‌ನಲ್ಲಿ ಸ್ಥಳೀಯ ಗಿಡ ನೆಡಿ. ಬೇರು ಹಿಡಿಯುವವರೆಗೆ ಮಣ್ಣು ತಡೆಯುವ ಬೇಲಿ ಹಾಗೇ ಇರಲಿ. ಮೊದಲು ತೆಗೆದ ಜಾಗಗಳಿಂದಲೇ ಮತ್ತೆ ಫೋಟೋ ತೆಗೆದು, ಪತ್ರಗಳ ಜೊತೆ ಫೈಲ್‌ನಲ್ಲಿಡಿ. ಮುಂದೆ ಕಾಟೇಜ್ ಮಾರುವಾಗ ಕೊಳ್ಳುವವರ ಲಾಯರ್ ಡಾಕ್‌ನ ಕಾಗದ ಕೇಳಿದರೆ ಆ ಫೈಲ್ ಕೊಟ್ಟರಾಯಿತು.